ಹೆದರುತ್ತಲೇ ನಂಬಿದ ಗಂಗಾಧರಯ್ಯನವರು

ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತೆಂಗಿನ ಮರದ ಅರ್ಧದಲ್ಲಿ ನೇತಾಡುತ್ತಿರುವ ಒಬ್ಬ ಮುದುಕ. ಗಂಗಾಧರಯ್ಯನವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ. ಮರ ಹತ್ತುವವರು ಸೊಂಟಕ್ಕೆ ಬಿಗಿದುಕೊಳ್ಳುವ ಬೆಲ್ಟುಗಳನ್ನು ಅವರು ಹೊರದೇಶದಿಂದ ತರಿಸಿ ತುಮಕೂರಿನ ತಮ್ಮ ಅಂಗಡಿಯಲ್ಲಿ ಮಾರುತ್ತಿದ್ದರು. ಹೊಸ ಮಾಲು ಬಂದಾಗಲೆಲ್ಲ ಪೆಟ್ಟಿಗೆ ಒಡೆದು, ಕೈಗೆ ಸಿಕ್ಕ ಒಂದು ಬೆಲ್ಟನ್ನು ಎಳೆದುಕೊಂಡು ಗುಬ್ಬಿ ಕಡೆಯ ಕಡಬದ ತಮ್ಮ ತೋಟಕ್ಕೆ ಹೊರಡುತ್ತಿದ್ದರು. ಅಲ್ಲಿ ಮರ ಹತ್ತುವ ಮಿಷನ್ನಿನ ಮೇಲೆ ಕಾಲಿಟ್ಟು ಅರ್ಧ ಮರ ಏರಿ, ಎರಡೂ ಕೈ ಬಿಟ್ಟು, ಇಡೀ ಮೈಭಾರವನ್ನು ಬೆಲ್ಟಿನ ಮೇಲೆ ಹಾಕಿ ಹಿಂದಕ್ಕೆ ಒರಗುತ್ತಿದ್ದರು. ಇದರಲ್ಲಿ ಅಂಥಾ ದೊಡ್ಡ ವಿಷಯವೇನು ಅಂತ ಕೇಳಬಹುದು. ಅವರಿಗೆ ಎತ್ತರ ಕಂಡರೆ ಜೀವ ಹೋಗುತ್ತಿತ್ತು.

ಕೆಳಗೆ ಅವರ ಹೆಂಡತಿ ಸರ್ವಮಂಗಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿರುತ್ತಿದ್ದರು. "ಏನ್ರೀ, ಈ ವಯಸ್ನಾಗೆ ಇದೇನ್ ಕೋತಿ ಆಟ? ಇಳೀರಿ ಮೊದ್ಲು!" ಮೇಲಿನಿಂದ ನಡುಗುವ ದನಿಯಲ್ಲಿ ಉತ್ತರ ಬರುತ್ತಿತ್ತು: "ಮಾತಾಡಿಸ್ಬೇಡ ಕಣೇ, ಮೊದ್ಲೇ ಪ್ರಾಣ ಬಾಯಿಗ್ ಬಂದೈತೆ!" ನಾನು ಪಕ್ಕದಲ್ಲಿ ನಿಂತು, ಅವರೆಲ್ಲಿ ಬಿದ್ದುಬಿಡುತ್ತಾರೋ ಅಂತ ಅವರಿಗಿಂತ ಹೆಚ್ಚಾಗಿ ಬೆವರುತ್ತಿದ್ದೆ. ಇಳಿದ ಮೇಲೆ ಸ್ವಲ್ಪ ಹೊತ್ತು ಮರಕ್ಕೆ ಒರಗಿ ಕೂತಿರುತ್ತಿದ್ದರು. ಆಮೇಲೆ ಎದ್ದು, "ಸರಿ, ಮಾರಾನ" ಅನ್ನುತ್ತಿದ್ದರು.

ನಾನು ಕುಣಿಗಲ್ಲಿನವಳು. ಓದು ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಹೊರದೇಶದವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು, ಮೇಲ್ ಬರೆಯಲು ಒಬ್ಬರು ಬೇಕು ಎಂದು ಯಾರೋ ಹೇಳಿದ್ದಕ್ಕೆ ಅವರ ಅಂಗಡಿಗೆ ಬಂದೆ. ಸ್ಪ್ರೇಯರ್, ಕಳೆ ಕತ್ತರಿಸುವ ಮಿಷನ್ನು, ಪೈಪು, ಪಂಪು ಎಲ್ಲ ತುಂಬಿಕೊಂಡಿದ್ದ ಉದ್ದನೆಯ ಅಂಗಡಿ ಅದು. ಸಂದರ್ಶನ ಅಂತ ಏನೂ ನಡೆಯಲಿಲ್ಲ. ನಾನು ಕುರ್ಚಿಯಲ್ಲಿ ಕೂತ ತಕ್ಷಣ ಅವರು ತಲೆ ಎತ್ತಿ ಫ್ಯಾನು ನೋಡಿದರು. "ಯಾಕೋ ಸದ್ದು ಸರಿಯಿಲ್ಲ, ಈ ಕಡೀಕ್ ಬಾರವ್ವ" ಎಂದು ನನ್ನನ್ನು ಮೂಲೆಗೆ ಕೂರಿಸಿದರು. ಆ ಫ್ಯಾನು ನಾನು ಇದ್ದಷ್ಟು ವರ್ಷವೂ ಹಾಗೇ ತಿರುಗಿತು, ಬೀಳಲಿಲ್ಲ. ಅವರು ಮಾತ್ರ ಅದರ ಕೆಳಗೆ ಒಂದು ದಿನವೂ ಕೂರಲಿಲ್ಲ.

ಅವರು ಯಾವುದಕ್ಕೆ ಹೆದರುವುದಿಲ್ಲ ಅಂತ ಕೇಳಿದರೇ ಉತ್ತರ ಸುಲಭ. ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟಬೇಕಾದರೆ ಪಕ್ಕದಲ್ಲಿ ನಿಂತ ಅಪರಿಚಿತನ ತೋಳನ್ನು ಹಿಡಿದುಬಿಡುತ್ತಿದ್ದರು. ಲಿಫ್ಟು ಹತ್ತುತ್ತಿರಲಿಲ್ಲ. ಮನೆಯಲ್ಲಿ ಕುಕ್ಕರು ಕೂಗಿದರೆ ಜಗಲಿಗೆ ಎದ್ದು ಹೋಗುತ್ತಿದ್ದರು. ಬೆಳಗ್ಗೆ ಬೇಗ ಫೋನು ಹೊಡೆದುಕೊಂಡರೆ ಸರ್ವಮಂಗಳಮ್ಮನವರೇ ಎತ್ತಬೇಕು. ನಮ್ಮ ಕಡೆಯ ಗಂಡಸರು ಹೆದರಿದಾಗ ದನಿ ಏರಿಸುತ್ತಾರೆ, ಇಲ್ಲವೇ ಮೀಸೆ ತಿರುವುತ್ತಾರೆ. ನನ್ನ ಅಪ್ಪನೂ ಹಾಗೇ, ಅಣ್ಣನೂ ಹಾಗೇ. ಇವರು ಮಾತ್ರ ಗಿರಾಕಿಗಳ ಎದುರಿಗೇ, "ನಂಗೆ ಹೆದ್ರಿಕೆ ಆಯ್ತದಪ್ಪ" ಅಂತ ಬಾಯಿಬಿಟ್ಟು ಹೇಳುತ್ತಿದ್ದರು. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಇಷ್ಟು ದೊಡ್ಡ ವ್ಯಾಪಾರಸ್ಥ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ನೋಡಿದರೆ ಕೈಮುಗಿಯಬೇಕು ಅನ್ನಿಸುವ ಮುಖ. ಮಾತಾಡಿದರೆ ಹೀಗೆ.

ಬೆಲ್ಟಿನ ಬಗೆಗಿನ ಹೆದರಿಕೆಗೆ ಮಾತ್ರ ಒಂದು ಕಾರಣವಿತ್ತು ಅನ್ನುವುದು ಆಮೇಲೆ ತಿಳಿಯಿತು. ನಾನು ಬರುವ ಮುಂಚೆ ಅವರು ಬೆಲ್ಟುಗಳನ್ನು ಬೆಂಗಳೂರಿನ ಒಬ್ಬ ಏಜೆಂಟನಿಂದ ಕೊಳ್ಳುತ್ತಿದ್ದರು. ಎಲ್ಲಿಂದ ಬರುತ್ತದೆ, ಯಾರು ಮಾಡುತ್ತಾರೆ ಅಂತ ಇವರು ಕೇಳಿರಲಿಲ್ಲ, ಆತ ಹೇಳಿರಲಿಲ್ಲ. ಸಿ.ಎಸ್. ಪುರದ ಮಲ್ಲೇಶ ಅನ್ನುವವನು ಅದನ್ನು ಕಟ್ಟಿಕೊಂಡು ಮರ ಹತ್ತಿದ್ದ. ಕೊಕ್ಕೆ ಬಿಚ್ಚಿಕೊಂಡಿತು. ಪುಣ್ಯಕ್ಕೆ ಕೆಳಗೆ ಆಗಷ್ಟೇ ನೀರು ಬಿಟ್ಟ ಮೆತ್ತನೆಯ ಮಣ್ಣು ಇತ್ತು. ಜೀವ ಉಳಿಯಿತು, ಕಾಲು ಮುರಿಯಿತು. ಗಂಗಾಧರಯ್ಯನವರು ಆಸ್ಪತ್ರೆಗೆ ಹೋಗಿ ಅವನ ಮಂಚದ ಪಕ್ಕ ಕೂತರಂತೆ. ಮಲ್ಲೇಶ ಬಯ್ಯಲೇ ಇಲ್ಲ. "ನೀವ್ ಕೊಟ್ಟಿದ್ದು ಅಂತ ನಾನು ನೋಡ್ಲೇ ಇಲ್ಲ ಯಜಮಾನ್ರೇ, ಹಂಗೇ ಕಟ್ಕಂಡೆ" ಅಂದನಂತೆ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮಾತು ತಡೆದುಕೊಳ್ಳಲು ಆಗಲಿಲ್ಲ ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ.

ಅವರು ಮಾರಿದ್ದ ಬೆಲ್ಟುಗಳನ್ನೆಲ್ಲ ಊರೂರು ತಿರುಗಿ ವಾಪಸ್ಸು ತಂದು ಹಿತ್ತಲಲ್ಲಿ ಸುಟ್ಟರು. ಏಜೆಂಟನನ್ನು ಬಿಟ್ಟರು. ಆದರೆ ಬೆಲ್ಟಿನ ವ್ಯಾಪಾರ ಬಿಡಲಿಲ್ಲ, ಯಾಕೆಂದರೆ ಬೆಲ್ಟು ಇಲ್ಲದಿದ್ದರೂ ಜನ ಮರ ಹತ್ತುವುದನ್ನು ಬಿಡುವುದಿಲ್ಲವಲ್ಲ. "ಯಾರ್ ಮಾಡ್ತಾರೋ ಅವರ ಮುಖ ನೋಡ್ಬೇಕು. ಮುಖ ನೋಡ್ದೆ ತಂದು ಇನ್ನೊಬ್ರ ಸೊಂಟಕ್ಕೆ ಕಟ್ಟೋದು ಹೆಂಗೆ?" ಎಂದು ಹಟ ಹಿಡಿದರು. ಆ ಮುಖ ಹುಡುಕಿಕೊಡುವುದು ನನ್ನ ಮೊದಲ ಕೆಲಸವಾಯಿತು.

ಹುಡುಕಿದೆವು. ಕೆಲವರು ತಮ್ಮ ಕಾರ್ಖಾನೆ ಎಂದು ಯಾರದೋ ಫೋಟೋ ಕಳಿಸಿದರು. ವಿಡಿಯೋದಲ್ಲಿ ತೋರಿಸಿ ಅಂದರೆ ಫೋನು ಎತ್ತುವುದನ್ನೇ ನಿಲ್ಲಿಸಿದರು. ಕೊನೆಗೆ ಸಿಕ್ಕವಳು ವಿಯೆಟ್ನಾಮಿನ ಲಾನ್. ನನಗಿಂತ ಹತ್ತಾರು ವರ್ಷ ದೊಡ್ಡವಳು, ಅಪ್ಪನ ಸಣ್ಣ ಕಾರ್ಖಾನೆ ನಡೆಸುತ್ತಿದ್ದಳು. ಮೊದಲ ಕರೆಯಲ್ಲೇ ಫೋನನ್ನು ಕೈಯಲ್ಲಿ ಹಿಡಿದು ಕಾರ್ಖಾನೆಯೊಳಗೆಲ್ಲ ಓಡಾಡಿ ತೋರಿಸಿದಳು. ಗಂಗಾಧರಯ್ಯನವರಿಗೆ ಅಷ್ಟು ಸಾಲದು. "ಹುಡ್ಗಿ ಕೊಡೋ ಮನೆ ಫೋನಲ್ಲಿ ನೋಡ್ತಾರಾ? ಹೋಗ್ ಬರಾನ" ಅಂದರು. ವಿಮಾನಕ್ಕೆ ಹೆದರುವ ಮನುಷ್ಯ ಹೀಗೆ ಅಂದಾಗ ನಾನು ನಂಬಲಿಲ್ಲ. ನಿಜವಾಗಿಯೂ ಹೋದೆವು: ಅವರು, ಸರ್ವಮಂಗಳಮ್ಮ, ನಾನು. ವಿಮಾನ ಏರುವಾಗ ಅವರು ಒಂದು ಕೈಯಲ್ಲಿ ಲಿಂಗವನ್ನೂ ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟನ್ನೂ ಹಿಡಿದುಕೊಂಡಿದ್ದರು. ನನಗೂ ಅದೇ ಮೊದಲ ವಿಮಾನ. ಯಾರು ಯಾರನ್ನು ಹಿಡಿದುಕೊಂಡಿದ್ದರೋ ಹೇಳುವುದು ಕಷ್ಟ.

ಲಾನ್‌ಳ ಊರು ಒಂದು ನದಿಯ ಬದಿಯಲ್ಲಿತ್ತು. ದಾರಿಯುದ್ದಕ್ಕೂ ತೆಂಗಿನ ತೋಟ. ಅದನ್ನು ಕಂಡು ಅವರ ಮುಖ ಸ್ವಲ್ಪ ಸಡಿಲವಾಯಿತು. ಕಾರ್ಖಾನೆಯ ಪಕ್ಕದಲ್ಲೇ ಮನೆ. ಒಳಗೆ ಹೋದರೆ ಮೇಜಿನ ತುಂಬಾ ಊಟ ಬಡಿಸಿಟ್ಟಿದ್ದಳು. ನಾವು ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿದ್ದಕ್ಕೆ, ಸೊಪ್ಪು, ಅಣಬೆ, ಅನ್ನ, ಕಡಲೆಕಾಯಿ ಎಲ್ಲವನ್ನೂ ಬೇರೆ ಪಾತ್ರೆಯಲ್ಲಿ ಅವಳ ತಾಯಿ ಬೆಳಗಿನಿಂದ ಕೂತು ಮಾಡಿದ್ದರಂತೆ. ಗಂಗಾಧರಯ್ಯನವರು ಮೇಜು ನೋಡಿದರು, ಕೈಮುಗಿದರು, ಕೂರಲಿಲ್ಲ.

"ಈಗ್ಲೇ ಉಣ್ಣೋದು ಬೇಡ ಅಂತ ಹೇಳು" ಅಂದರು.

ಲಾನ್‌ಳ ತಾಯಿ ತಟ್ಟೆ ಹಿಡಿದು ನಿಂತಿದ್ದಾರೆ. "ಸಾರ್, ಬೇಜಾರ್ ಮಾಡ್ಕೋತಾರೆ" ಅಂದೆ.

"ಮಾಡ್ಕಳ್ಲಿ. ಹೆಣ್ಣು ನೋಡಕ್ಕೋದ್ ಮನೇಲಿ ಒಪ್ಗೆ ಆಗೋಕ್ ಮುಂಚೆ ಊಟ ಮಾಡ್ತಾರಾ? ಉಂಡ್ ಮೇಲೆ ಮಾತು ಕೊಟ್ಟಂಗೆ. ಆಮೇಲೆ ಬೇಡ ಅನ್ನಕ್ಕೆ ನಂಗೆ ಬಾಯಿ ಬರಲ್ಲ."

ನಮ್ಮ ಕಡೆಯ ಈ ಪದ್ಧತಿಯನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಅವಳ ಮುರುಕು ಇಂಗ್ಲಿಷಿಗೆ ದಾಟಿಸುವುದು ಹೇಗೆ? ಅಲ್ಲಿಯವರಿಗೆ ಉಣ್ಣದೇ ಹೋಗುವ ಅತಿಥಿ ಅಂದರೆ ಜಗಳಕ್ಕೆ ಬಂದವನು. ಲಾನ್ ಮುಖ ಕೆಂಪಾಯಿತು. ಅವಳ ತಾಯಿ ತಟ್ಟೆ ಕೆಳಗಿಟ್ಟರು. ಇಲ್ಲಿಂದ ಬರಿಗೈಯಲ್ಲಿ ವಾಪಸ್ಸು ಹೋಗುವುದೇ ಗಟ್ಟಿ ಎಂದುಕೊಂಡು, ಹೆದರುತ್ತಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇವರು ನಿಮ್ಮ ಕಾರ್ಖಾನೆ ನೋಡಿ ಒಪ್ಪಿದ ಮೇಲೆಯೇ ಉಣ್ಣುತ್ತಾರೆ, ಯಾಕೆಂದರೆ ನಿಮ್ಮ ಅನ್ನ ಉಂಡ ಮೇಲೆ ನಿಮ್ಮನ್ನು ಬಿಡಲು ಇವರಿಂದ ಆಗುವುದಿಲ್ಲ. ಲಾನ್ ಊಟದ ಮೇಲೆ ಜಾಲರಿ ಮುಚ್ಚಿ, ಚಪ್ಪಲಿ ಮೆಟ್ಟಿ, ಬನ್ನಿ ಅಂದಳು.

ಕಾರ್ಖಾನೆಯಲ್ಲಿ ಅವಳು ತೋರಿಸಿದ್ದೆಲ್ಲ ಚೆನ್ನಾಗಿಯೇ ಇತ್ತು. ಪಟ್ಟಿ ನೇಯುವುದು, ಹೊಲಿಗೆ, ಕೊಕ್ಕೆ ಜೋಡಿಸುವುದು. ಗಂಗಾಧರಯ್ಯನವರು ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ ಒಂದೇ ಮಾತು ಕೇಳಿದರು. "ಒಳ್ಳೇದು ನೋಡಿದ್ದಾಯ್ತು. ಕೆಟ್ಟಿದ್ದು ತೋರ್ಸು ಅನ್ನು."

ಲಾನ್ ನಿಂತಲ್ಲೇ ನಿಂತಳು. ಹೊಸದಾಗಿ ವ್ಯಾಪಾರಕ್ಕೆ ಬಂದವರಿಗೆ ಯಾರು ತಾನೇ ತಮ್ಮ ಕೆಟ್ಟ ಮಾಲು ತೋರಿಸುತ್ತಾರೆ? ಅವಳ ಕಣ್ಣಲ್ಲಿ ನನಗೆ ಹೆದರಿಕೆ ಕಂಡಿತು. ಆದರೂ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಒಂದು ಬುಟ್ಟಿ ಎಳೆದಳು. ಒಡೆದ ಕೊಕ್ಕೆ, ಹರಿದ ಪಟ್ಟಿ, ಬಿಟ್ಟುಹೋದ ಹೊಲಿಗೆ. ಯಾವುದು ಯಾಕೆ ಕೆಟ್ಟಿತು ಅಂತ ಒಂದೊಂದನ್ನೇ ಎತ್ತಿ ಹೇಳಿದಳು. ಕೆಲವಕ್ಕೆ, ಇದು ಯಾಕೆ ಕೆಟ್ಟಿತೋ ನನಗೂ ಗೊತ್ತಿಲ್ಲ ಅಂದಳು. ಗಂಗಾಧರಯ್ಯನವರು ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು, ಮಂಡಿ ಒರೆಸಿಕೊಂಡು, "ನಡಿ, ಉಣ್ಣಾನ" ಅಂದರು. ತಣ್ಣಗಾದ ಅನ್ನವನ್ನು ಮೂರು ಸಲ ಹಾಕಿಸಿಕೊಂಡು ಉಂಡರು. ಲಾನ್‌ಳ ತಾಯಿ ಕೊನೆಗೆ ನಕ್ಕರು.

ಅಲ್ಲಿಂದ ಮುಂದೆ ಅಂಗಡಿಯಲ್ಲಿ ಲಾನ್‌ಳ ಕಾರ್ಖಾನೆಗೆ ಬೀಗರ ಮನೆ ಎಂದೇ ಹೆಸರಾಯಿತು. ವಾರಕ್ಕೊಮ್ಮೆ ವಿಡಿಯೋದಲ್ಲಿ ಮಾತು. "ಮೊದ್ಲು ಕೆಟ್ಟ್ ಸುದ್ದಿ ಕೇಳು" ಎಂದು ನನಗೆ ಹೇಳುತ್ತಿದ್ದರು. ಹಡಗು ತಡ, ನೂಲು ಬೆಲೆ ಏರಿದೆ, ಕೆಲಸದವರು ಹಬ್ಬಕ್ಕೆ ಹೋಗಿದ್ದಾರೆ. ಅವಳು ಹೇಳುವಳು. ನಮ್ಮ ಕಡೆಯದನ್ನು ಇವರೂ ಹೇಳುವರು: ಇಲ್ಲಿ ಈ ಸಲ ಮಾರಾಟ ಕಮ್ಮಿ, ಗೋಡೌನಿನಲ್ಲಿ ಇಲಿ ಕಡಿದಿದೆ, ತಪ್ಪು ನಮ್ಮದು. ಹೀಗೆ ಮನೆಯ ಹುಳುಕನ್ನೆಲ್ಲ ಹೇಳಿಕೊಂಡರೆ ವ್ಯಾಪಾರ ಆದ ಹಾಗೇ ಅಂತ ಅವರ ಮಗ ನಾಗೇಶಣ್ಣ ರೇಗುತ್ತಿದ್ದರು. ಅಂಗಡಿಯ ಅರ್ಧ ಜವಾಬ್ದಾರಿ ಅವರದೇ. ಏಜೆಂಟರ ಕಡೆಯಿಂದ ತರಿಸಿದರೆ ಇಷ್ಟು ತಲೆನೋವು ಇರುವುದಿಲ್ಲ ಅನ್ನುವುದು ಅವರ ವಾದ. ಗಂಗಾಧರಯ್ಯನವರು ವಾದಕ್ಕೆ ನಿಲ್ಲುತ್ತಿರಲಿಲ್ಲ. "ನಂಗೆ ಹೆದ್ರಿಕೆ ಕಣ್ಲಾ" ಎಂದು ಎದ್ದು ಹೋಗುತ್ತಿದ್ದರು.

ಆ ಕಾಲದಲ್ಲೇ ಅಮೃತೂರಿನ ರತ್ನ ಅಂಗಡಿಗೆ ಬಂದದ್ದು. ಸರ್ಕಾರದವರು ಹೆಂಗಸರಿಗೂ ಮರ ಹತ್ತುವ ತರಬೇತಿ ಕೊಡುತ್ತಿದ್ದರು, ಅದರಲ್ಲಿ ಕಲಿತಿದ್ದಳು. ಗಂಡ ತೀರಿಕೊಂಡಿದ್ದ, ಎರಡು ಮಕ್ಕಳು. ಜೊತೆಗೆ ಬಂದಿದ್ದ ಅತ್ತೆ ಬೆಲ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ ನಂಬ್ಕಂಡು ನನ್ ಸೊಸೇನ ಮರ ಹತ್ತುಸ್ಲಾ? ಇವ್ಳಿಗೇನಾರ ಆದ್ರೆ ಆ ಮಕ್ಳನ್ನ ಯಾರ್ ನೋಡೋರು?" ಎಂದು ಕೇಳಿತು. ಗಂಗಾಧರಯ್ಯನವರು ಆ ಮುದುಕಿಯ ಎದುರು ಕೂತು, ವಿಯೆಟ್ನಾಮಿಗೆ ಹೋದದ್ದು, ತಾವೇ ಮರ ಹತ್ತಿ ನೋಡುವುದು, ಎಲ್ಲ ಹೇಳಿದರು. "ಇದಕ್ಕೆ ನಾನು ಹೊಣೆ ಕಣವ್ವ" ಅಂದರು. ಅವರು ಆ ಮಾತನ್ನು ಸುಲಭವಾಗಿ ಆಡುವವರಲ್ಲ. ಅತ್ತೆ ಒಪ್ಪಿತು.

ಅದಾಗಿ ಕೆಲವು ತಿಂಗಳಿಗೆ ರತ್ನಳ ಬೆಲ್ಟಿನ ಪಟ್ಟಿ ಸವೆದು, ಹೊಸ ಮಾಲಿನಲ್ಲಿ ಇನ್ನೊಂದು ಕೊಟ್ಟಿದ್ದೆವು. ಆ ಮಾಲಿನದನ್ನೂ ಗಂಗಾಧರಯ್ಯನವರು ಕಡಬದಲ್ಲಿ ಹತ್ತಿ ನೋಡಿದ್ದರು. ಒಂದು ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದೆ, ಲಾನ್ ಕರೆ ಮಾಡಿದಳು. ಅದು ಅವಳು ಕರೆ ಮಾಡುವ ದಿನವಲ್ಲ. ಪರದೆಯ ಮೇಲೆ ಅವಳ ಮುಖ ಕಂಡ ತಕ್ಷಣ ಊದುಬತ್ತಿಯನ್ನು ಅಲ್ಲೇ ಇಟ್ಟೆ.

ಯಾರೂ ಹತ್ತಬೇಡಿ, ಈಗಲೇ ಎಲ್ಲರನ್ನೂ ಇಳಿಸಿ ಅಂದಳು. ಕೊಕ್ಕೆಯ ಬಾಯಿ ಮುಚ್ಚುವ ಸಣ್ಣ ಸ್ಪ್ರಿಂಗನ್ನು ಅವಳು ಬೇರೆ ಕಡೆ ಮಾಡಿಸುತ್ತಿದ್ದಳು. ಮಾಡುವವರು ಅವಳಿಗೆ ಹೇಳದೇ ಸ್ಪ್ರಿಂಗಿನ ತಂತಿ ಬದಲಾಯಿಸಿದ್ದರು. ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ, ತೆಗೆದು ಮುಚ್ಚಿ ಬಳಸುತ್ತಾ ಹೋದರೆ ಒಂದು ದಿನ ಪಟ್ಟನೆ ಮುರಿಯುತ್ತದೆ. ಮುರಿದರೆ ಕೊಕ್ಕೆ ಬಾಯಿ ಬಿಟ್ಟುಕೊಳ್ಳುತ್ತದೆ. ನಿನ್ನೆ ತನ್ನ ಕಾರ್ಖಾನೆಯಲ್ಲಿ ಒಂದು ಮುರಿಯಿತು, ಬೆಳಗ್ಗೆ ಇನ್ನೊಂದು. ಇಷ್ಟನ್ನು ಹೇಳುವಷ್ಟರಲ್ಲಿ ಅವಳು ಅಳುತ್ತಿದ್ದಳು.

ಗಂಗಾಧರಯ್ಯನವರನ್ನೂ ನಾಗೇಶಣ್ಣನನ್ನೂ ಕೂಡಲೇ ಅಂಗಡಿಗೆ ಕರೆಸಿದೆ. ಆ ಮಾಲಿನ ಹೆಚ್ಚಿನ ಪಾಲು ಇನ್ನೂ ಗೋಡೌನಿನಲ್ಲೇ ಇತ್ತು. ಮಾರಿದ್ದು ಯಾರು ಯಾರಿಗೆ ಅನ್ನುವುದು ಗಂಗಾಧರಯ್ಯನವರ ನಾಲಿಗೆಯ ಮೇಲಿತ್ತು. ಅವರು ಹೆಸರು ಹೇಳುತ್ತಾ ಹೋದರು, ನಾನೂ ನಾಗೇಶಣ್ಣನೂ ಫೋನು ಮಾಡುತ್ತಾ ಹೋದೆವು. ಗುಬ್ಬಿಯವನು ಎತ್ತಿದ. ಸಿ.ಎಸ್. ಪುರದವನು ಎತ್ತಿದ. ಎಲ್ಲರೂ ಎತ್ತಿದರು, ರತ್ನ ಎತ್ತಲಿಲ್ಲ. ಮರ ಹತ್ತುವಾಗ ಅವಳು ಫೋನನ್ನು ಊಟದ ಚೀಲದಲ್ಲಿಟ್ಟು ಬುಡದಲ್ಲಿ ಬಿಟ್ಟಿರುತ್ತಾಳೆ. ಅತ್ತೆಯ ಫೋನು ಸ್ವಿಚ್ ಆಫ್.

ಅಂಗಡಿಯ ಓಮ್ನಿ ವ್ಯಾನು ಹತ್ತಿದೆವು. ನಾಗೇಶಣ್ಣನೇ ಓಡಿಸಿದರು. ಯಾವಾಗಲೂ ನಿಧಾನ ನಿಧಾನ ಎಂದು ಪ್ರಾಣ ತಿನ್ನುವ ಗಂಗಾಧರಯ್ಯನವರು ಅವತ್ತು ಹಿಂದಿನ ಸೀಟಿನಿಂದ, "ಜೋರಾಗ್ ಹೋಗ್ಲಾ, ಇನ್ನೂ ಜೋರಾಗ್ ಹೋಗು" ಅನ್ನುತ್ತಲೇ ಇದ್ದರು. ಕುಣಿಗಲ್ ದಾಟುವವರೆಗೂ ನಾನು ರತ್ನಳ ನಂಬರನ್ನು ಒತ್ತುತ್ತಲೇ ಇದ್ದೆ. ಪ್ರತಿಸಲವೂ ಪೂರ್ತಿ ರಿಂಗಾಗಿ ನಿಲ್ಲುತ್ತಿತ್ತು. ಎಲ್ಲಾದರೂ ಈ ಫೋನನ್ನು ಬೇರೆ ಯಾರಾದರೂ ಎತ್ತಿಬಿಟ್ಟರೆ ಅನ್ನುವ ಹೆದರಿಕೆ ನನಗೆ. ರತ್ನ ಅಲ್ಲದೇ ಇನ್ನೊಂದು ದನಿ ಕೇಳಿಸಿದರೆ ಏನು ಮಾಡುವುದು ಎಂದು ಯೋಚಿಸಿ, ಒಮ್ಮೆ ಒತ್ತುವುದನ್ನೇ ನಿಲ್ಲಿಸಿದೆ. "ಮಾಡು ಮಗಾ, ಮಾಡು" ಎಂದು ಹಿಂದಿನಿಂದ ಗಂಗಾಧರಯ್ಯನವರು ಅಂದರು. ಮತ್ತೆ ಒತ್ತಿದೆ.

ಮನೆಯ ಬಾಗಿಲಲ್ಲಿ ಅತ್ತೆ ರಾಗಿ ಕೇರುತ್ತಿತ್ತು. ರತ್ನ ಊರಾಚೆಯ ಮೇಷ್ಟ್ರ ತೋಟಕ್ಕೆ ಹೋಗಿದ್ದಾಳೆ ಎಂದಿತು. ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಕೊಡದೇ ಓಡಿದೆವು. ತೋಟದೊಳಕ್ಕೆ ಕಾಲಿಡುತ್ತಲೇ ಕಾಯಿ ಬೀಳುವ ಧಪ್ ಸದ್ದು ಕೇಳಿಸಿತು. ಸದ್ದು ಬಂದ ಕಡೆ ನೋಡಿದರೆ, ಮರದ ತುದಿಯಲ್ಲಿ ಗರಿಗಳ ನಡುವೆ ರತ್ನಳ ಅಂಗಾಲು. ಗೊನೆ ಕಡಿಯಲು ಬೆಲ್ಟಿಗೆ ಒರಗಿ ನಿಂತಿದ್ದಳು.

ನಾನು ಕೂಗಲು ಬಾಯಿ ತೆರೆದೆ. ಗಂಗಾಧರಯ್ಯನವರು ನನ್ನ ರಟ್ಟೆ ಹಿಡಿದರು. "ಕೂಗ್ಬೇಡ, ಬೆಚ್ಚಿ ಬಿದ್ದಾಳು." ಅವಳ ಮಚ್ಚು ನಿಲ್ಲುವವರೆಗೂ ಕಾದರು. ಆಮೇಲೆ ಸಂತೆಯಲ್ಲಿ ಸಿಕ್ಕವರನ್ನು ಮಾತಾಡಿಸುವ ಹಾಗೆ, "ರತ್ನವ್ವಾ, ನಾನು ಕಣವ್ವ, ಗಂಗಾಧರಯ್ಯ" ಅಂದರು.

"ಓಹೋ, ಯಜಮಾನ್ರು! ಎಳ್ನೀರ್ ಕೆಡವ್ಲಾ?" ಎಂದು ಮೇಲಿಂದ ನಗು ಕೇಳಿಸಿತು.

ನಾಗೇಶಣ್ಣ ಅಪ್ಪನ ಕಿವಿಯಲ್ಲಿ, "ಏನೂ ಹೇಳ್ಬೇಡಪ್ಪ, ಸುಮ್ನೆ ಇಳ್ದು ಬಾ ಅನ್ನು ಸಾಕು" ಅಂದರು. ನನಗೂ ಅದೇ ಸರಿ ಅನ್ನಿಸಿತು. ಗಂಗಾಧರಯ್ಯನವರು ತಲೆ ಅಲ್ಲಾಡಿಸಿದರು. "ಗೊತ್ತಿಲ್ದೆ ಇಳುದ್ರೆ ದಿನಾ ಇಳ್ದಂಗೇ ಬೆಲ್ಟಿಗೆ ಒರಗ್ಕಂಡ್ ಇಳೀತಾಳೆ ಕಣ್ಲಾ." ಮತ್ತೆ ಮೇಲೆ ನೋಡಿ ಹೇಳಿದರು: "ಅವ್ವ, ಮಚ್ಚು ಕೆಳೀಕ್ ಹಾಕು. ಮರಾನ ಎರಡೂ ಕೈಲಿ ತಬ್ಕೋ. ಆ ಬೆಲ್ಟಿನ ಕೊಕ್ಕೆ ಕೆಟ್ಟೈತಂತೆ. ಅದ್ರ ಮೇಲೆ ಭಾರ ಬುಡ್ಬೇಡ."

ಮಚ್ಚು ದೂರಕ್ಕೆ ಬಿತ್ತು. ಅವಳು ಮರವನ್ನು ತಬ್ಬಿಕೊಂಡಳು. ಆಮೇಲೆ ಬಂದ ಅವಳ ದನಿಯಲ್ಲಿ ಆ ನಗು ಇರಲಿಲ್ಲ. "ನೀವೇ ಅಲ್ವಾ ಹೊಣೆ ಅಂದಿದ್ದು?"

"ಹೂಂ ಕಣವ್ವ, ನಾನೇ ಅಂದಿದ್ದು. ಅದು ತಪ್ಪಾಯ್ತು. ಈಗ್ಲೂ ನಾನೇ ಹೇಳ್ತಾ ಇದೀನಿ."

"ನನ್ ಕೈಲಾಗಲ್ಲ. ಹೆದ್ರಿಕೆ ಆಯ್ತಾ ಐತೆ."

"ನಂಗೂ ಆಯ್ತಾ ಐತೆ. ಕಾಲು ನಿಲ್ತಾ ಇಲ್ಲ ನಂದು. ಇಬ್ರೂ ಹೆದ್ರಿಕಂಡೇ ಇಳ್ಯಾನ ಬಾ. ಬಲ್ಗಾಲು ಮೊದ್ಲು. ಈಗ ಎಡ್ಗಾಲು."

ಕೆಳಗೆ ಮಣ್ಣಿನ ಮೇಲೆ ನಿಂತಿದ್ದ ಅವರು ತಾವೂ ಬಲಗಾಲು ಎತ್ತಿ ಇಟ್ಟರು, ಎಡಗಾಲು ಎತ್ತಿ ಇಟ್ಟರು. ಅವಳು ಮೇಲೆ, ಅವರು ಕೆಳಗೆ. ಬೇರೆ ದಿನ ನೋಡಿದ್ದರೆ ನಗು ಬರುತ್ತಿತ್ತು. ನಡುವೆ ಒಮ್ಮೆ ಅವಳ ಕಾಲು ಜಾರಿತು. ಅಭ್ಯಾಸದಿಂದ ಹಿಂದಕ್ಕೆ ಒರಗಲು ಹೋದವಳು, "ಒರಗ್ಬೇಡ!" ಎಂಬ ಅವರ ಕೂಗಿಗೆ ಮರವನ್ನೇ ಅವುಚಿಕೊಂಡಳು. ತೋಳು, ಎದೆ ತರಚಿ ರಕ್ತ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ಕಣ್ಣು ಬಿಟ್ಟಾಗ ಅವಳ ಕಾಲು ನನ್ನ ತಲೆಯ ಎತ್ತರಕ್ಕೆ ಬಂದಿತ್ತು. ನಾವು ಮೂವರೂ ಸೇರಿ ಅವಳನ್ನು ಹಿಡಿದು ಇಳಿಸಿಕೊಂಡೆವು.

ಗಂಗಾಧರಯ್ಯನವರು ಅವಳ ಸೊಂಟದಿಂದ ಬೆಲ್ಟು ಬಿಚ್ಚಿದರು. ಬಿಚ್ಚುವುದೇನು, ಕೊಕ್ಕೆ ತಾನಾಗೇ ಕೈಗೆ ಬಂತು. ಒಳಗಿನ ಸ್ಪ್ರಿಂಗು ಮುರಿದಿತ್ತು. ಬೆರಳಲ್ಲಿ ತಟ್ಟಿದರೆ ಕೊಕ್ಕೆಯ ಬಾಯಿ ಸಡಿಲವಾಗಿ ಅತ್ತಿತ್ತ ಆಡುತ್ತಿತ್ತು. ಯಾವಾಗ ಮುರಿದಿತ್ತೋ, ಎಷ್ಟು ಗೊನೆ ಅವಳು ಅದಕ್ಕೇ ಒರಗಿ ಕಡಿದಿದ್ದಳೋ ದೇವರಿಗೇ ಗೊತ್ತು. ಅವರು ಬದುವಿನ ಮೇಲೆ ಕುಸಿದು ಕೂತರು. ಕೊನೆಗೆ ರತ್ನಳೇ, ತರಚಿದ ಕೈಯಲ್ಲೇ, ಕೆಳಗೆ ಬಿದ್ದಿದ್ದ ಎಳನೀರೊಂದನ್ನು ಕೊಚ್ಚಿ ಅವರಿಗೆ ಕುಡಿಸಿದಳು.

"ನಾನು ಹತ್ ನೋಡಿದ್ನಲ್ಲ ಮಗಾ" ಎಂದು ಅವರು ನನ್ನ ಕಡೆ ತಿರುಗಿ ಹೇಳಿದರು. "ಹತ್ ನೋಡಿ ಏನ್ ಕಂಡೆ?"

ನಾಗೇಶಣ್ಣನಿಗೆ ತಡೆಯಲಾಗಲಿಲ್ಲ. ಆ ವಿಯೆಟ್ನಾಮಿನ ಹೆಂಗಸಿನ ಸಹವಾಸ ಇವತ್ತಿಗೆ ಸಾಕು, ಅವಳಿಂದ ಒಂದು ಹೆಣ ಬೀಳುತ್ತಿತ್ತು ಎಂದು ತೋಟವೆಲ್ಲ ಕೇಳುವಂತೆ ಕೂಗಾಡಿದರು. ನನಗೂ ಲಾನ್ ಮೇಲೆ ಸಿಟ್ಟು ಉಕ್ಕಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಗಂಗಾಧರಯ್ಯನವರು ಎಳನೀರು ಕೆಳಗಿಟ್ಟರು. "ಅವ್ಳು ಸುಮ್ಕಿದ್ದಿದ್ರೆ ನಮಗ್ ಗೊತ್ತಾಗ್ತಿತ್ತೇನ್ಲಾ? ಈ ಹುಡ್ಗಿ ಬಿದ್ದಿದ್ರೆ, ಪಾಪ ಕಾಲು ಜಾರ್ತು ಅಂದ್ಕಂಡು ಮಣ್ ಮಾಡಿ ಬರ್ತಿದ್ವಿ. ತನ್ ವ್ಯಾಪಾರ ಹೋದ್ರೂ ಹೋಗ್ಲಿ ಅಂತ ಫೋನ್ ಮಾಡವ್ಳೆ. ಅವ್ಳನ್ನ ಬುಟ್ಟು ಯಾರ್ ತಾವ ಹೋಗ್ಲಿ ಹೇಳು?" ಆಮೇಲೆ ನನಗೆ ಹೇಳಿದರು, "ಅವ್ಳಿಗ್ ಫೋನ್ ಹಾಕು. ಇಳುದ್ಲು ಅಂತ ಮೊದ್ಲು ಹೇಳು. ಪಾಪ, ಅಲ್ಲಿ ಎಷ್ಟ್ ಹೆದ್ರಿಕಂಡ್ ಕೂತವ್ಳೋ."

ಲಾನ್ ಮೊದಲ ರಿಂಗಿಗೇ ಎತ್ತಿದಳು. ನಾನು ಫೋನನ್ನು ರತ್ನಳ ಕಡೆ ತಿರುಗಿಸಿದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ರತ್ನ ತರಚಿದ ಕೈಯನ್ನು ತೋರಿಸಿದಳು. ಲಾನ್ ಮುಖ ಮುಚ್ಚಿಕೊಂಡಳು.

ಅದಾದ ಮೇಲೆ ಗಂಗಾಧರಯ್ಯನವರು ಮರ ಹತ್ತುವುದನ್ನು ಬಿಟ್ಟರು. ಲಾನ್ ಆ ಸ್ಪ್ರಿಂಗನ್ನು ತನ್ನ ಕಾರ್ಖಾನೆಯಲ್ಲೇ ಮಾಡಿಸಲು ಶುರುಮಾಡಿದಳು. ಇಲ್ಲಿ ಇವರು ಪ್ರತಿ ಮಾಲಿನಿಂದ ಒಂದು ಕೊಕ್ಕೆಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ನೇತುಹಾಕಿ, ಗಿರಾಕಿಗಳ ಜೊತೆ ಮಾತಾಡುತ್ತಾ ದಿನವಿಡೀ ಅದನ್ನು ತೆರೆದು ಮುಚ್ಚಿ ಮಾಡುತ್ತಿದ್ದರು. ಟಕ್ ಟಕ್ ಸದ್ದಿಗೆ ನನ್ನ ತಲೆ ಕೆಟ್ಟುಹೋಗುತ್ತಿತ್ತು. ತಿಂಗಳಾದರೂ ಅದು ಮುರಿಯದಿದ್ದರೆ ಮಾತ್ರ ಮಾಲು ಹೊರಗೆ ಹೋಗುತ್ತಿತ್ತು.

ಕಳೆದ ವರ್ಷ ಅವರಿಗೆ ಹೊಟ್ಟೆನೋವು ಶುರುವಾಯಿತು. ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ವರದಿ ಬಂದ ಮೇಲೆ ನಾಗೇಶಣ್ಣ ನನ್ನನ್ನು ಹೊರಗೆ ಕರೆದು, ಅಪ್ಪ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ಹೇಳಿ ಗೋಡೆಗೆ ಒರಗಿ ಅತ್ತರು. ಅಪ್ಪನಿಗೆ ಗ್ಯಾಸ್ಟ್ರಿಕ್ ಎಂದಿದ್ದೇವೆ, ಹೆದರಿಕೆಯಲ್ಲೇ ಹೋಗಿಬಿಡುತ್ತಾರೆ, ಬಾಯಿ ಬಿಡಬೇಡ ಅಂದರು. ನಾನು ಒಳಗೆ ಹೋದೆ. ಗಂಗಾಧರಯ್ಯನವರು ನನ್ನ ಮುಖವನ್ನೇ ನೋಡಿದರು.

"ಎಲ್ಲಾರೂ ಗ್ಯಾಸ್ಟ್ರಿಕ್ ಅಂತಾವ್ರೆ. ನೀನ್ ಹೇಳು ಮಗಾ."

ಬಾಗಿಲಲ್ಲಿ ನಾಗೇಶಣ್ಣ ನಿಂತಿದ್ದರು. ನನಗೆ ಅಷ್ಟು ಹೆದರಿಕೆ ಆ ತೋಟದಲ್ಲೂ ಆಗಿರಲಿಲ್ಲ. ಹೇಳಿದೆ. ಗಂಗಾಧರಯ್ಯನವರ ಕೈ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು. "ತುಂಬಾ ನೋವಾಯ್ತದಂತಾ?" ಅಂದರು. ಗೊತ್ತಿಲ್ಲ ಸಾರ್, ಕೇಳಿಕೊಂಡು ಬರುತ್ತೇನೆ ಅಂದೆ. ಡಾಕ್ಟರನ್ನು ಕೇಳಿ ಬಂದು ಅದನ್ನೂ ಹೇಳಿದೆ. "ಸರಿ, ಈಗ ಸ್ವಲ್ಪ ಪರ್ವಾಗಿಲ್ಲ" ಎಂದು ಆ ಕಡೆ ಮಗ್ಗುಲಾದರು. ಅದೇ ಅವರು ನನ್ನ ಜೊತೆ ಆಡಿದ ಕೊನೆಯ ಮಾತು. ನಾಗೇಶಣ್ಣ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ಅವರ ಸಮಾಧಿ ಕಡಬದ ತೋಟದಲ್ಲೇ ಆಯಿತು. ಲಾನ್‌ಗೆ ನಾನೇ ತಿಳಿಸಿದೆ. ಅವಳು ಕರೆ ಕಡಿಯಲಿಲ್ಲ. ಇಬ್ಬರೂ ಫೋನು ಹಿಡಿದುಕೊಂಡು ಕೂತಿದ್ದೆವು.

ಈಗ ಬೆಲ್ಟಿನ ವ್ಯವಹಾರ ನಾನೇ ನೋಡಿಕೊಳ್ಳುತ್ತೇನೆ. ನಾಗೇಶಣ್ಣ ಸಿಟ್ಟು ಇಳಿದ ಮೇಲೆ, ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು ಎಂದು ಬಿಟ್ಟುಕೊಟ್ಟರು. ಗಂಗಾಧರಯ್ಯನವರು ಹೋದ ಮೇಲಿನ ಮೊದಲ ಮಾಲು ಬಂದಾಗ ಕೊಡಲು ಧೈರ್ಯ ಸಾಲದೇ ಗೋಡೌನಿನಲ್ಲೇ ಇಟ್ಟುಕೊಂಡು ಕೂತಿದ್ದೆ. ಒಂದು ಮಧ್ಯಾಹ್ನ ರತ್ನ ಬಂದಳು. ಅವಳು ಮರ ಹತ್ತುವುದನ್ನು ಬಿಟ್ಟಿಲ್ಲ, ಬಿಟ್ಟರೆ ಮನೆ ನಡೆಯುವುದಿಲ್ಲ. ಅವಳ ಬೆಲ್ಟು ಹಳತಾಗಿತ್ತು. ನಾನು ಹೊಸದೊಂದನ್ನು ತಂದು ಮೇಜಿನ ಮೇಲಿಟ್ಟೆ. ಅವಳು ಮುಟ್ಟಲಿಲ್ಲ.

"ಯಜಮಾನ್ರಿಲ್ಲ. ಇನ್ನು ಇದಕ್ಕೆ ಯಾರಕ್ಕ ಹೊಣೆ?"

ಅಂಗಡಿಯವರು ಹೇಳುವ ಮಾತುಗಳೆಲ್ಲ ನನಗೂ ಬರುತ್ತವೆ. ಒಳ್ಳೇ ಮಾಲು, ಏನೂ ಆಗುವುದಿಲ್ಲ, ಕಣ್ಣು ಮುಚ್ಚಿಕೊಂಡು ಹತ್ತು. ಒಂದೂ ಬಾಯಿಗೆ ಬರಲಿಲ್ಲ. "ಲಾನ್ ನೋಡಿ ಕಳ್ಸಿದಾಳೆ ರತ್ನ. ನಾನೂ ನೋಡಿದೀನಿ. ಹೊಣೆ ನಾನೇ" ಅಂದೆ. ಬೆಲ್ಟು ಎತ್ತಿ ಅವಳ ಕಡೆ ಚಾಚಿದೆ. "ಆದ್ರೂ ನಿನ್ನ ಕೈಗೆ ಕೊಡೋಕೆ ತುಂಬಾ ಹೆದ್ರಿಕೆ ಆಗ್ತಿದೆ ಕಣೇ."

ರತ್ನ ನನ್ನ ಮುಖ ನೋಡಿ ಕೈ ಚಾಚಿದಳು.

"ಹಂಗಾರೆ ಕೊಡಕ್ಕ" ಅಂದಳು.